ನೊರೆಯಲ್ಲಿ ಯೀಸ್ಟಿನ ಪಾಲು

ಬೆಲ್ಜಿಯಂನ ಬಿಯರಿಗೆ ನೊರೆಯೇ ಮುಖಲಕ್ಷಣ. ಗ್ಲಾಸಿನಲ್ಲಿ ಬೆಳ್ಳಗೆ ಎದ್ದು ನಿಂತು, ಕುಡಿದಂತೆಲ್ಲ ಗಾಜಿಗೆ ಅಂಟುತ್ತ ಕೊನೆಯ ಗುಟುಕಿನವರೆಗೂ ಉಳಿಯುತ್ತದೆ. ಇದರ ಶ್ರೇಯವನ್ನು ಬಹುಕಾಲ ಬಾರ್ಲಿ ಮತ್ತು ಹಾಪ್ಸ್‌ಗೇ ಕೊಡುತ್ತಿದ್ದರು. ಯೀಸ್ಟ್ ಎಂದರೆ ಮದ್ಯಸಾರ, ಅನಿಲ, ಪರಿಮಳ, ಅಷ್ಟೇ. ಈ ಲೆಕ್ಕ ತಪ್ಪೆಂದು ಗೊತ್ತಾಗಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

1876ರಲ್ಲಿ ಪಾಶ್ಚರ್ ಬಿಯರ್ ಕುರಿತ ತಮ್ಮ ಗ್ರಂಥ ಪ್ರಕಟಿಸಿದರು. 1883ರಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಹ್ಯಾನ್ಸೆನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿ ತೋರಿಸಿದರು. ಬೆಲ್ಜಿಯನ್ನರು ಈ ವಿದ್ಯೆಯನ್ನು ತಮ್ಮದೇ ರೀತಿಯಲ್ಲಿ ಬಳಸಿಕೊಂಡರು. ಮೊದಲ ಮಹಾಯುದ್ಧದ ನಂತರ ಆಲ್ಬರ್ಟ್ ಮೂರ್ಟ್‌ಗಾಟ್ ಸ್ಕಾಟ್ಲೆಂಡಿನಿಂದ ತಂದ ಯೀಸ್ಟಿನ ವಂಶವೇ ಇಂದಿಗೂ ಡುವೆಲ್ ಬಿಯರನ್ನು ಹುದುಗಿಸುತ್ತಿದೆ. ಶಿಮೇ ಮಠದಲ್ಲಿ ಫಾದರ್ ಥಿಯೊಡೊರ್ 1948ರಲ್ಲಿ ತಮ್ಮದೇ ಯೀಸ್ಟನ್ನು ಬೇರ್ಪಡಿಸಿದರು. ಈ ಕೆಲಸದಲ್ಲಿ ಥಿಯೊಡೊರ್‌ಗೆ ಮಾರ್ಗದರ್ಶಕರಾಗಿದ್ದವರು ಲ್ಯುವೆನ್ ವಿಶ್ವವಿದ್ಯಾಲಯದ ಜಾನ್ ಡಿ ಕ್ಲರ್ಕ್. ಒರ್ವಾಲ್ ಮಠದ್ದು ಬೇರೆಯೇ ದಾರಿ: ಬಾಟಲಿ ತುಂಬುವಾಗ ಬ್ರೆಟನೊಮೈಸಿಸ್ ಎಂಬ ಒರಟು ಯೀಸ್ಟನ್ನೂ ಸೇರಿಸುತ್ತಾರೆ. ಉಳಿದ ಯೀಸ್ಟುಗಳು ಮುಟ್ಟದ ಸಕ್ಕರೆಯನ್ನೂ ಅದು ತಿಂಗಳುಗಟ್ಟಲೆ ನಿಧಾನಕ್ಕೆ ತಿಂದು ಮುಗಿಸುತ್ತದೆ.

ನೊರೆಯ ರಸಾಯನ ಬಿಡಿಸಿಕೊಂಡದ್ದು ಇದಾದ ಎಷ್ಟೋ ಕಾಲದ ಮೇಲೆ. ಬಾರ್ಲಿಯ ಎಲ್‌ಟಿಪಿ1 ಎಂಬ ಪ್ರೋಟೀನ್ ಕುದಿಯುವಾಗ ಸ್ವಲ್ಪ ಬಿಚ್ಚಿಕೊಂಡು ಗುಳ್ಳೆಯ ಮೈಗೆ ಹತ್ತುತ್ತದೆ. ಹಾಪ್ಸ್‌ನ ಕಹಿ ಆಮ್ಲಗಳು ಆ ಪೊರೆಯನ್ನು ಬಿಗಿಗೊಳಿಸುತ್ತವೆ. ಯೀಸ್ಟ್ ಇಲ್ಲಿ ಮೊದಲು ಕಾಣಿಸಿಕೊಂಡದ್ದು ಖಳನಾಗಿ. ಹಸಿವಿನಿಂದಲೋ ಮದ್ಯಸಾರದ ಕಾವಿನಿಂದಲೋ ಬಳಲಿದ ಯೀಸ್ಟ್, ಪ್ರೋಟಿಯೇಸ್ ಎ ಎಂಬ ಕಿಣ್ವವನ್ನು ಹೊರಬಿಡುತ್ತದೆ. ಅದು ನೊರೆ ಕಟ್ಟುವ ಪ್ರೋಟೀನನ್ನೇ ಕತ್ತರಿಸುತ್ತದೆ. ಪಾಶ್ಚರೀಕರಣವಿಲ್ಲದ ಬಾಟಲಿಯಲ್ಲಿ ಈ ಕೆಲಸ ನಿಲ್ಲುವುದೇ ಇಲ್ಲ.

ಹಾಗಿದ್ದರೆ ಗಸಿ ಕೂತ ಬಾಟಲಿಯ ಟ್ರಿಪೆಲ್ ಎಂಬ ಬಲವಾದ ಬೆಲ್ಜಿಯನ್ ಬಿಯರಿಗೆ ಅಷ್ಟು ಗಟ್ಟಿ ನೊರೆ ಎಲ್ಲಿಂದ ಬಂತು? 2025ರಲ್ಲಿ ಜ್ಯೂರಿಕ್‌ನ ಇಟಿಎಚ್ ಸಂಸ್ಥೆಯ ಯಾನ್ ವರ್ಮಾಂಟ್ ತಂಡ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಬಹಳ ಮುಖ್ಯ ಕೆಲಸವಿದು. ಒಂದೇ ಸಲ ಹುದುಗಿದ ಬಿಯರಿನಲ್ಲಿ ಎಲ್‌ಟಿಪಿ1 ಪುಟ್ಟ ಉಂಡೆಗಳಂತೆ ಗುಳ್ಳೆಯ ಮೇಲೆ ಕೂರುತ್ತದೆ. ಎರಡನೆಯ ಹುದುಗಿನಲ್ಲಿ ಇನ್ನಷ್ಟು ಬಿಚ್ಚಿಕೊಂಡು ಹೆಣೆದ ಪೊರೆಯಾಗುತ್ತದೆ. ಮೂರನೆಯದರಲ್ಲಿ ಇನ್ನೂ ಚೂರಾಗಿ, ಒಂದು ತುದಿ ನೀರನ್ನು ಬಯಸಿ ಇನ್ನೊಂದು ದೂರ ಸರಿಯುವ ತುಣುಕುಗಳಾಗುತ್ತದೆ. ಗುಳ್ಳೆಯ ಗೋಡೆ ಎಲ್ಲಿ ತೆಳುವಾಯಿತೋ ಅತ್ತ ದ್ರವವನ್ನು ಎಳೆದು ತಂದು ಗೋಡೆಯನ್ನು ಕಾಯುವುದು ಈ ತುಣುಕುಗಳೇ. ಅಂದರೆ, ಪ್ರೋಟೀನ್ ಮುರಿದ ಮಾತ್ರಕ್ಕೆ ನೊರೆ ಕೆಡಲೇಬೇಕೆಂದಿಲ್ಲ. ಎಷ್ಟು, ಹೇಗೆ ಮುರಿಯಿತು ಎಂಬುದು ಮುಖ್ಯ.

ಮನೆಯಲ್ಲಿ ಬಿಯರ್ ಮಾಡುವವರು ಇದರಿಂದ ಕಲಿಯಬೇಕಾದ್ದು ಬಾಟಲಿಯ ಹಂತದ ಶಿಸ್ತನ್ನು. ಮೊದಲ ಹುದುಗಿನಲ್ಲಿ ದಣಿದ ಯೀಸ್ಟನ್ನು ನೆಚ್ಚಿಕೊಳ್ಳದೆ, ಗಸಿಯಿಂದ ತಿಳಿಯನ್ನು ಬಸಿದು, ಬಲವಾದ ಬಿಯರಿಗೆ ತಾಜಾ ಯೀಸ್ಟ್ ಸ್ವಲ್ಪ ಹಾಕಿ. ಒಂದು ಲೀಟರಿಗೆ ಸುಮಾರು 4 ಗ್ರಾಂ ಸಕ್ಕರೆ ಒಂದು ಪಟ್ಟು, ಅಂದರೆ ಬಿಯರಿನ ಗಾತ್ರದಷ್ಟೇ, ಅನಿಲ ಕೊಡುತ್ತದೆ. ಹುದುಗಿದ ಬಿಯರಿನಲ್ಲಿ ಮೊದಲೇ ಸುಮಾರು 0.85 ಪಟ್ಟು ಇರುವುದರಿಂದ, 3 ಪಟ್ಟು ಬೇಕೆಂದರೆ ಲೀಟರಿಗೆ 8ರಿಂದ 9 ಗ್ರಾಂ ಸಾಕು. ಡುವೆಲ್‌ನವರು ಬಾಟಲಿಗಳನ್ನು 24 ಡಿಗ್ರಿಯ ಕೋಣೆಯಲ್ಲಿ ಎರಡು ವಾರ ಇಟ್ಟು, ಆಮೇಲೆ ಆರು ವಾರ ತಂಪಿನಲ್ಲಿ ಇಡುತ್ತಾರೆ. ಈ ಕ್ರಮವನ್ನೇ ಅನುಸರಿಸಿ. ಹೈಡ್ರೋಮೀಟರಿನ ಅಂಕಿ ಕೆಲವು ದಿನ ಒಂದೇ ಕಡೆ ನಿಂತ ಮೇಲಷ್ಟೇ ಬಾಟಲಿ ತುಂಬಿ. ತೆಳು ಗಾಜಿನ ಬಾಟಲಿ ಖಂಡಿತ ಬೇಡ, ಈ ಒತ್ತಡಕ್ಕೆ ಅದು ಸಿಡಿಯುತ್ತದೆ.