ಹಿತ್ತಾಳೆಯೊಳಗೆ ಅಡಗಿದ್ದ ಲೋಹ

ದೇವರ ಮನೆಯ ದೀಪದ ಕಂಬ, ಅಡಿಗೆಮನೆಯ ಕೊಳದಪ್ಪಲೆ, ತವರುಮನೆಯಿಂದ ಬಂದ ಬಿಂದಿಗೆ ಇವೆಲ್ಲವೂ ಬಹುತೇಕ ಹಿತ್ತಾಳೆಯವು. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹೊನ್ನಿನಂತೆ ಹೊಳೆಯುವ ಈ ಲೋಹ ಗಣಿಯಲ್ಲಿ ದೊರೆಯುವಂಥದಲ್ಲ. ತಾಮ್ರಕ್ಕೆ ಸತುವನ್ನು ಬೆರೆಸಿದರೆ ಹಿತ್ತಾಳೆ, ತವರವನ್ನು ಬೆರೆಸಿದರೆ ಕಂಚು. ರೂಢಿಯಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದುಂಟು. ಆದರೆ ಸಿಂಧೂ ಕಣಿವೆಯ ಜನರಿಗೆ ಕಂಚು ಚೆನ್ನಾಗಿ ತಿಳಿದಿದ್ದಿತು. ಹಿತ್ತಾಳೆ ವ್ಯಾಪಕವಾಗಿ ಬಳಕೆಗೆ ಬಂದುದು ಅದೆಷ್ಟೋ ಶತಮಾನಗಳ ಅನಂತರ.

ಈ ವಿಳಂಬಕ್ಕೆ ಕಾರಣ ಸತುವಿನ ಸ್ವಭಾವ. ಅದಿರನ್ನು ಇದ್ದಿಲಿನೊಡನೆ ಕಾಯಿಸಿದಾಗ ತಾಮ್ರ, ಸೀಸಗಳು ಕರಗಿ ಕುಲುಮೆಯ ತಳಕ್ಕೆ ಇಳಿಯುತ್ತವೆ. ಸತುವಾದರೋ 907 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿದು ಆವಿಯಾಗುತ್ತದೆ. ಅದನ್ನು ಅದಿರಿನಿಂದ ಬಿಡಿಸುವುದಕ್ಕೆ ಅದಕ್ಕಿಂತಲೂ ಹೆಚ್ಚಿನ ಶಾಖ ಬೇಕು. ಹೀಗಾಗಿ ಕುಲುಮೆಯಲ್ಲಿ ಅದು ಹುಟ್ಟುವುದೇ ಆವಿಯ ರೂಪದಲ್ಲಿ. ಆ ಆವಿಗೆ ಗಾಳಿ ಸೋಕಿದೊಡನೆ ಅದು ಬಿಳಿಯ ಪುಡಿಯಾಗುತ್ತದೆ. ಲೋಹವನ್ನು ಅರಸಿ ಕುಲುಮೆಯನ್ನು ಕೆದಕಿದವನಿಗೆ ಬೂದಿಯಲ್ಲದೆ ಬೇರೇನೂ ಸಿಗದು.

ಪ್ರಾಚೀನರು ಇದಕ್ಕೊಂದು ಬಳಸುದಾರಿಯನ್ನು ಕಂಡುಕೊಂಡಿದ್ದರು. ತಾಮ್ರದ ಚೂರು, ಸತುವಿನ ಅದಿರು, ಇದ್ದಿಲು ಮೂರನ್ನೂ ಮುಚ್ಚಿದ ಮೂಷೆಯಲ್ಲಿಟ್ಟು ಕಾಯಿಸಿದರೆ ಆವಿಯನ್ನು ತಾಮ್ರವೇ ಹೀರಿಕೊಂಡು ಹಿತ್ತಾಳೆಯಾಗುತ್ತಿತ್ತು. ರೋಮನ್ನರ ಹಿತ್ತಾಳೆ ನಾಣ್ಯಗಳು ಈ ಬಗೆಯವು. ಸತುವನ್ನು ಕಣ್ಣಾರೆ ಕಾಣದೆಯೇ ಅದನ್ನು ಬಳಸಿದ ವಿಚಿತ್ರವಿದು! ಆದರೆ ಈ ವಿಧಾನದಲ್ಲಿ ಸತುವಿನ ಅಂಶ ಸಾಮಾನ್ಯವಾಗಿ ಶೇಕಡಾ 28ನ್ನು ಮೀರದು. ತಕ್ಷಶಿಲೆಯಲ್ಲಿ ದೊರೆತ, ಕ್ರಿ.ಪೂ. 4ನೇ ಶತಮಾನದ್ದೆನ್ನಲಾದ ಪಾತ್ರೆಯೊಂದರಲ್ಲಿ ಶೇಕಡಾ 34ರಷ್ಟು ಸತುವಿರುವುದು ವಿದ್ವಾಂಸರನ್ನು ಚರ್ಚೆಗೆಳೆದಿರುವುದು ಇದೇ ಕಾರಣಕ್ಕೆ. 7ನೇ ಶತಮಾನದ ಯಾತ್ರಿಕ ಹ್ಯೂಯೆನ್ ತ್ಸಾಂಗನು ನಾಲಂದದ ಬಳಿ ಹರ್ಷವರ್ಧನನು ಕಟ್ಟಿಸುತ್ತಿದ್ದ ಹಿತ್ತಾಳೆಯ ವಿಹಾರವೊಂದನ್ನು ಬಣ್ಣಿಸಿದ್ದಾನೆ.

ಆವಿಯನ್ನೇ ಹಿಡಿದು ಲೋಹವಾಗಿಸುವ ಕಾರ್ಯ ದೊಡ್ಡ ಪ್ರಮಾಣದಲ್ಲಿ ನಡೆದುದಕ್ಕೆ ಅತ್ಯಂತ ಹಳೆಯ ಕುರುಹುಗಳು ರಾಜಸ್ಥಾನದಲ್ಲಿವೆ. ಉದಯಪುರದಿಂದ ದಕ್ಷಿಣಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿ, ತಿಡಿ ನದಿಯ ತೀರದಲ್ಲಿರುವ ಜಾವರ್ ಎಂಬ ಊರಿನಲ್ಲಿ 1980ರ ದಶಕದಲ್ಲಿ ಬರೋಡದ ವಿಶ್ವವಿದ್ಯಾಲಯ, ಬ್ರಿಟಿಷ್ ಮ್ಯೂಸಿಯಂ ಮತ್ತು ಹಿಂದೂಸ್ತಾನ್ ಜಿಂಕ್ ಸಂಸ್ಥೆಗಳು ಕೂಡಿ ನಡೆಸಿದ ಉತ್ಖನನದಲ್ಲಿ ಸಾಲುಸಾಲಾಗಿ ಕುಲುಮೆಗಳು ಕಂಡುಬಂದವು. ಒಂದು ಸಾಲಿಗೆ ಏಳು ಕುಲುಮೆ, ಒಂದೊಂದರಲ್ಲಿ 36 ಮೂಷೆ. ಮೂಷೆಗಳ ಆಕಾರ ಬದನೆಕಾಯಿಯದು. ಹುರಿದ ಅದಿರನ್ನು ಅದರೊಳಗೆ ತುಂಬಿ, ನಡುವೆ ಒಂದು ಕಡ್ಡಿಯನ್ನು ನೆಟ್ಟು, ಕೊಳವೆಯಂಥ ಕತ್ತನ್ನು ಜೋಡಿಸಿ ತಲೆಕೆಳಗಾಗಿ ನಿಲ್ಲಿಸುತ್ತಿದ್ದರು. ತಿರುಗಿಸುವಾಗ ಅದಿರು ಜಾರಿ ಬೀಳದಂತೆ ಕಡ್ಡಿ ತಡೆಯುತ್ತಿತ್ತು. ಬೆಂಕಿಯೇರಿದಾಗ ತಾನು ಉರಿದುಹೋಗಿ ಆವಿಗೆ ದಾರಿ ಮಾಡಿಕೊಡುತ್ತಿತ್ತು. ಮೇಲಿನ ಅಂಕಣದಲ್ಲಿ ಉರಿ, ಕೆಳಗಿನ ಅಂಕಣದಲ್ಲಿ ತಂಪು. ಗಾಳಿ ಸೋಕದ ಆವಿ ಕೆಳಗಿಳಿದು ತಣಿದು ಸತುವಾಗುತ್ತಿತ್ತು. ಒಂದು ಕಡ್ಡಿಯಿಂದ ಎರಡು ತೊಡಕುಗಳನ್ನು ಬಿಡಿಸಿದ ಆ ಕೈಗಳ ಜಾಣ್ಮೆಯನ್ನು ಮೆಚ್ಚದಿರಲಾಗದು.

ಸುಮಾರು 13ನೇ ಶತಮಾನದ್ದೆಂದು ಎಣಿಸಲಾಗುವ ರಸರತ್ನಸಮುಚ್ಚಯವೂ ಬದನೆಕಾಯಿಯಾಕಾರದ ಮೂಷೆಯನ್ನು, ಉಮ್ಮತ್ತದ ಹೂವಿನಂತೆ ಅರಳಿದ ಕೊಳವೆಯನ್ನು ವರ್ಣಿಸುತ್ತದೆ. ಗ್ರಂಥದ ಮಾತೂ ನೆಲದಡಿಯ ಮಣ್ಣಿನ ಮೂಷೆಯೂ ಇಷ್ಟರಮಟ್ಟಿಗೆ ಹೊಂದುವುದು ಅಪರೂಪ. ಸತು ಕೈಗೆ ಸಿಕ್ಕಮೇಲೆ ತೂಗಿ ಬೆರೆಸುವುದು ಸುಲಭವಾಯಿತು. ತಣ್ಣಗಿರುವಾಗ ಬಡಿಯಬಹುದಾದದ್ದು, ಕಾಯಿಸಿ ಬಡಿಯಬೇಕಾದದ್ದು, ಎರಕಕ್ಕಷ್ಟೇ ಒದಗುವುದು ಎಂದು ಮೂರು ಬಗೆಯ ಹಿತ್ತಾಳೆಯನ್ನು 16ನೇ ಶತಮಾನದ ಐನ್-ಇ-ಅಕ್ಬರಿ ಹೆಸರಿಸುತ್ತದೆ. ಮೊದಲನೆಯದಕ್ಕೆ ಎರಡೂವರೆ ಸೇರು ತಾಮ್ರ, ಒಂದು ಸೇರು ಸತು. ಇಂದಿನ ಕಾರ್ಖಾನೆಗಳು ತಗಡು ಬಡಿಯಲು ಬಳಸುವ 70-30ರ ಪ್ರಮಾಣಕ್ಕೆ ಇದು ತೀರ ಸಮೀಪ. ಕರ್ನಾಟಕದ ಬೀದರಿನ ಕುಶಲಿಗಳು ಇದನ್ನೇ ತಿರುಗುಮುರುಗಾಗಿಸಿ, ಸತುವಿಗೇ ತುಸು ತಾಮ್ರ ಬೆರೆಸಿ ಬಿದರಿ ಕಲೆಯನ್ನು ಬೆಳೆಸಿದರು.

ಇಷ್ಟಾದರೂ ಅನೇಕ ಪುಸ್ತಕಗಳಲ್ಲಿ ಸತುವನ್ನು ಕಂಡುಹಿಡಿದ ಕೀರ್ತಿ 1746ರಲ್ಲಿ ಅದನ್ನು ಬೇರ್ಪಡಿಸಿದ ಜರ್ಮನಿಯ ಮಾರ್ಗ್ರಾಫನಿಗೇ ಸಂದಿದೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ಚಾಂಪಿಯನ್ ಎಂಬಾತ 1738ರಲ್ಲಿ ಸತು ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಅವನ ಕುಲುಮೆಯಲ್ಲಿಯೂ ಆವಿ ಕೆಳಮುಖವಾಗಿಯೇ ಇಳಿಯುತ್ತಿತ್ತು. ಇದು ಭಾರತದಿಂದ ಹೋದ ವಿದ್ಯೆಯೇ ಎಂಬ ಅನುಮಾನ ಸಹಜ. ಆದರೆ ಅನುಮಾನವನ್ನೇ ಪುರಾವೆಯೆಂದು ಸಾರುವುದು ತರವಲ್ಲ. ಜಾವರ್‌ನ ಹಿರಿಮೆಗೆ ಅದರ ಅಗತ್ಯವೂ ಇಲ್ಲ. ಅಮೆರಿಕದ ಲೋಹಶಾಸ್ತ್ರಜ್ಞರ ಸಂಘವು 1988ರಲ್ಲಿ ಅದನ್ನು ಐತಿಹಾಸಿಕ ಸ್ಥಳವೆಂದು ಮನ್ನಿಸಿತು.

19ನೇ ಶತಮಾನದ ಆರಂಭದ ವೇಳೆಗೆ, ಮೇವಾಡವು ಯುದ್ಧ ಮತ್ತು ಬರಗಳಿಂದ ನಲುಗಿದ್ದ ಕಾಲದಲ್ಲಿ, ಆ ಕುಲುಮೆಗಳು ಆರಿದವು. ಅಲ್ಲಿ ದುಡಿದವರ ಹೆಸರುಗಳು ಉಳಿದುಬಂದಿಲ್ಲ. ಒಮ್ಮೆ ಬಳಸಿ ಎಸೆದ ಅವರ ಮೂಷೆಗಳು ಮಾತ್ರ ದಿಬ್ಬದಿಬ್ಬವಾಗಿ ಬಿದ್ದಿವೆ. ಹಳೆಯ ಊರಿನ ಜನ ಅವನ್ನೇ ಇಟ್ಟಿಗೆಗಳಂತೆ ಪೇರಿಸಿ ತಮ್ಮ ಮನೆಗಳ ಗೋಡೆ ಕಟ್ಟಿಕೊಂಡಿದ್ದರು.