ದೆಹಲಿ ಹುಣ್ಣು

ಲೀಶ್ಮೇನಿಯಾ ಟ್ರಾಪಿಕಾ ಎಂಬ ಏಕಕೋಶ ಪರಜೀವಿ ತರುವ ಚರ್ಮರೋಗ. ಹಿಂದೆ ದೆಹಲಿಯಲ್ಲಿ ಇದರ ಕಾಟ ಎಷ್ಟಿತ್ತೆಂದರೆ ವೈದ್ಯಗ್ರಂಥಗಳಲ್ಲಿ ಊರಿನ ಹೆಸರೇ ರೋಗಕ್ಕೆ ಅಂಟಿಕೊಂಡಿತು.

ಹರಡುವುದು ಮರಳುನೊಣ. ಸೊಳ್ಳೆಗಿಂತ ಬಹಳ ಚಿಕ್ಕದು, ಮೈತುಂಬ ರೋಮ, ಸದ್ದಿಲ್ಲದ ಹಾರಾಟ. ಹಗಲು ಗೋಡೆಯ ಬಿರುಕಿನಲ್ಲಿ ಅಡಗಿದ್ದು ಕತ್ತಲಾದ ಮೇಲೆ ಕಚ್ಚುತ್ತದೆ. ರಕ್ತ ಹೀರುವುದು ಹೆಣ್ಣು ಮಾತ್ರ. ವಾರಗಳೋ ತಿಂಗಳುಗಳೋ ಕಳೆದು ಮುಖ, ಕೈಕಾಲುಗಳ ಮೇಲೆ ಕೆಂಪು ಗುಳ್ಳೆ ಎದ್ದು, ಒಡೆದು, ಹಕ್ಕಳೆ ಕಟ್ಟುತ್ತದೆ. ಸಾಮಾನ್ಯವಾಗಿ ನೋವಿರದು. ವರ್ಷದ ಆಸುಪಾಸಿನಲ್ಲಿ ತಾನೇ ಮಾಯುವುದುಂಟು, ಆದರೆ ಕಲೆ ಉಳಿಯುತ್ತದೆ. ಮಗುವಿನ ಮುಖದ ಮೇಲಾದರೆ ಅದು ಸಣ್ಣ ಸಂಗತಿಯಲ್ಲ.

1885ರಲ್ಲಿ ವೈದ್ಯ ಡಿ. ಡಿ. ಕನಿಂಗ್‌ಹ್ಯಾಮ್ ಈ ಹುಣ್ಣಿನ ಅಂಗಾಂಶದಲ್ಲಿ ಪರಜೀವಿಯಂಥ ಕಾಯಗಳನ್ನು ಕಂಡು ವರ್ಣಿಸಿದರು. ಇದೇ ಕುಲದ, ಕಾಲಾ ಅಜಾರ್ ಎಂಬ ಜ್ವರರೋಗ ತರುವ ಜೀವಿಯನ್ನು 1903ರಲ್ಲಿ ವೈದ್ಯರಾದ ಲೀಶ್ಮನ್ ಮತ್ತು ಮದರಾಸಿನ ಡೊನೊವನ್ ಬೇರೆಬೇರೆಯಾಗಿ ಪ್ರಕಟಿಸಿದರು.

ಭಾರತದಲ್ಲಿ ಈ ಹುಣ್ಣಿನ ಮುಖ್ಯ ನೆಲೆ ಈಗ ರಾಜಸ್ಥಾನದ ಬಿಕಾನೇರ್ ಸೀಮೆ.