ಕೇಳಿದ ತಕ್ಷಣ ಉತ್ತರ ಹೇಳದ ಮಕ್ಕಳು ದಡ್ಡರೇ?

ಪ್ರಶ್ನೆ ಕೇಳಿದ ಕೂಡಲೇ ಕೈ ಎತ್ತುವವರು ಜಾಣರು, ಸುಮ್ಮನೆ ಕೂರುವವರು ದಡ್ಡರು ಎಂಬ ನಂಬಿಕೆ ಶಾಲೆಯಲ್ಲೂ ಇದೆ, ಮನೆಯಲ್ಲೂ ಇದೆ. ಇದು ನಿಜವೇ?

ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ ಅವರು ವಿಜ್ಞಾನ ಪಾಠಗಳನ್ನು ರೆಕಾರ್ಡ್ ಮಾಡಿ ಅಳೆದರು. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು. ಉತ್ತರವೇ ಬಾರದ ಸಂದರ್ಭಗಳು ಕಡಿಮೆಯಾದವು. ಕಲಿಕೆಯಲ್ಲಿ ಹಿಂದೆ ಎಂದು ಶಿಕ್ಷಕರು ಎಣಿಸಿದ್ದ ಮಕ್ಕಳೂ ಹೆಚ್ಚು ಮಾತನಾಡಿದರು. ಈ ಫಲಿತಾಂಶ ಪ್ರಕಟವಾಗಿದ್ದು 1974ರಲ್ಲಿ.

ಯಾವ ಶಿಕ್ಷಕರಾದರೂ ಇದನ್ನು ತಮ್ಮ ತರಗತಿಯಲ್ಲೇ ಪರೀಕ್ಷಿಸಬಹುದು. ಬಿ.ಇಡಿ. ಓದಿದವರಿಗೆ ಇದರ ಹೆಸರು ಗೊತ್ತಿರುತ್ತದೆ: ಕ್ರಿಯಾ ಸಂಶೋಧನೆ.

• ಮುಖ್ಯ ಶಿಕ್ಷಕರಿಗೆ ತಿಳಿಸಿ, ಒಂದು ಪಾಠವನ್ನು ಮೊಬೈಲ್‌ನಲ್ಲಿ ಆಡಿಯೊ ರೆಕಾರ್ಡ್ ಮಾಡಿ.
• ಪ್ರತಿ ಪ್ರಶ್ನೆಯ ನಂತರ ಎಷ್ಟು ಸೆಕೆಂಡ್ ಕಾದಿರಿ, ಎಷ್ಟು ಮಕ್ಕಳು ಉತ್ತರಿಸಿದರು ಎಂದು ಬರೆದುಕೊಳ್ಳಿ.
• ಎರಡು ವಾರ ಕಾಯುವ ಸಮಯವೊಂದನ್ನೇ ಬದಲಿಸಿ. ಮತ್ತೆ ರೆಕಾರ್ಡ್ ಮಾಡಿ, ಹೋಲಿಸಿ.

ಮಗ್ಗಿಯಂಥ ನೆನಪಿನ ಪ್ರಶ್ನೆಗೆ ಹೆಚ್ಚು ಕಾಯಬೇಕಿಲ್ಲ. ಏಕೆ, ಹೇಗೆ ಎಂಬ ಪ್ರಶ್ನೆಗಳಿಗೆ ಕಾಯಬೇಕು. ರೆಕಾರ್ಡಿಂಗ್ ನಿಮ್ಮ ಕಲಿಕೆಗೆ ಮಾತ್ರ. ಮಕ್ಕಳ ದನಿಯನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳಿಸಬೇಡಿ.

ತೀರ್ಮಾನ: ಈ ನಂಬಿಕೆ ತಪ್ಪು. ಮಗು ಸುಮ್ಮನಿದ್ದರೆ ಅದಕ್ಕೆ ಉತ್ತರ ಗೊತ್ತಿಲ್ಲ ಎಂದೇ ಅಲ್ಲ. ನಾವು ಕೊಟ್ಟ ಸಮಯ ಸಾಲದೆಯೂ ಇರಬಹುದು. ಮನೆಯಲ್ಲಿ ಹೋಂವರ್ಕ್ ಮಾಡಿಸುವ ಅಪ್ಪ ಅಮ್ಮಂದಿರಿಗೂ ಇದು ಅನ್ವಯಿಸುತ್ತದೆ.